ಎಲ್ಲ ಗೌಡರೂ ಒಂದೇ ಮನೆಯವರೇ?

ಮಕ್ಕಳೇ, ಇಬ್ಬರು ಹುಡುಗರು ಒಂದೇ ಬೆಂಚಿನಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ಇಬ್ಬರ ಹೆಸರಿನ ಕೊನೆಯಲ್ಲೂ ‘ಗೌಡ’ ಇದೆ. ಹಾಗಾದರೆ ಅವರಿಬ್ಬರೂ ಬಳಗದವರೇ? ಅವರ ಮುತ್ತಜ್ಜನ ಮುತ್ತಜ್ಜ ಒಬ್ಬನೇ ಆಗಿದ್ದನೇ? ಹೌದು ಎನ್ನುವುದು ಸುಲಭ, ಅಲ್ಲ ಎನ್ನುವುದೂ ಸುಲಭ. ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಮಾತ್ರ ಕಷ್ಟ. ಇವತ್ತು ಆ ಕಷ್ಟದ ಕೆಲಸವನ್ನೇ ಮಾಡೋಣ.

ಅದಕ್ಕೆ ಮಲ್ದಕಲ್‌ಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಮಲ್ದಕಲ್ ಇರುವುದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಪಶ್ಚಿಮಕ್ಕೆ ನಮ್ಮ ರಾಯಚೂರು. ಎರಡು ಹೊಳೆಗಳ ನಡುವಿನ ಈ ನೆಲಕ್ಕೆ ಅಲ್ಲಿಯವರು ‘ನಡಿಗಡ್ಡ’ ಎನ್ನುತ್ತಾರೆ. ಊರಿನ ದೇವರು ಮಲ್ದಕಲ್ ತಿಮ್ಮಪ್ಪ. ಜಾತ್ರೆಗೆ ರಾಯಚೂರಿನ ಕಡೆಯಿಂದಲೂ ಜನ ಹೋಗುತ್ತಾರೆ. ದೇವರ ಮೇಲಿನ ಭಕ್ತಿಯಿಂದ ಮಕ್ಕಳಿಗೆ ತಿಮ್ಮಪ್ಪ, ತಿಮ್ಮಕ್ಕ ಎಂದು ಹೆಸರಿಡುವುದುಂಟು. ಅಷ್ಟೇ ಅಲ್ಲ, ‘ಮಲ್ದಕಲ್’ ಎಂದೇ ಹೆಸರಿಟ್ಟುಕೊಂಡ ಗಂಡಸರು ಆ ಸೀಮೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಊರಿನ ಹೆಸರು ದೇವರಿಗೆ, ದೇವರ ಹೆಸರು ಮನುಷ್ಯರಿಗೆ! ಮಲ್ದಕಲ್ ಎಂಬ ಹೆಸರಿನ ಇಬ್ಬರು ಸಂತೆಯಲ್ಲಿ ಎದುರಾದರೆ ಅವರನ್ನು ಯಾರೂ ಅಣ್ಣತಮ್ಮಂದಿರು ಎಂದುಕೊಳ್ಳುವುದಿಲ್ಲ. ಇಬ್ಬರ ಮನೆಯವರೂ ಒಂದೇ ದೇವರಿಗೆ ನಡೆದುಕೊಳ್ಳುತ್ತಾರೆ ಎಂದಷ್ಟೇ ತಿಳಿಯುತ್ತಾರೆ.

ಈ ನೆಲದ ಇನ್ನೊಂದು ಸಂಗತಿ ಕೇಳಿ. 1956ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಗ ಇಡೀ ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ವರ್ಷದ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಮತ್ತೆ ವಿಂಗಡಿಸಿದಾಗ, ಈ ಎರಡು ತಾಲ್ಲೂಕುಗಳನ್ನು ಬಿಟ್ಟು ಉಳಿದ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಇವೆರಡು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ಅದೇ ನೆಲ ತೆಲಂಗಾಣವಾಯಿತು. ಜನ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಗಡಿಯ ಗೆರೆ ಮಾತ್ರ ಜಾಗ ಬದಲಿಸಿತು. ಹೀಗಾಗಿ ಕನ್ನಡದ ಹೆಸರಿಡುವ ರೂಢಿ ಮತ್ತು ತೆಲುಗಿನ ಹೆಸರಿಡುವ ರೂಢಿ ಇಲ್ಲಿ ಒಂದೇ ಓಣಿಯಲ್ಲಿ ಅಕ್ಕಪಕ್ಕ ಇವೆ.

ಈಗ ಗೌಡರ ಕಡೆಗೆ ಬರೋಣ.

ರಾಯಚೂರಿನ ಹಳ್ಳಿಗೆ ಹೋಗಿ ‘ಗೌಡರ ಮನೆ ಎಲ್ಲಿ?’ ಎಂದು ಕೇಳಿದರೆ, ಊರ ಮುಖಂಡನ ಹಳೆಯ ದೊಡ್ಡ ಮನೆಯನ್ನು ತೋರಿಸುತ್ತಾರೆ. ತೆಲಂಗಾಣದ ಹಳ್ಳಿಗೆ ಹೋಗಿ ಅದೇ ಪ್ರಶ್ನೆ ಕೇಳಿದರೆ, ಈಚಲ ಮರ ಮತ್ತು ತಾಳೆ ಮರ ಹತ್ತಿ ಸೇಂದಿ ಇಳಿಸುವವರ ಮನೆ ತೋರಿಸುತ್ತಾರೆ. ಅಲ್ಲಿ ಅದನ್ನು ‘ಗೌಡ್’ ಎಂದು ತುಸು ಗಿಡ್ಡವಾಗಿ ಹೇಳುತ್ತಾರೆ. ಹೆಸರು ಒಂದೇ, ಕಸುಬು ಬೇರೆ, ಸಮುದಾಯ ಬೇರೆ, ಹಿಂದಿನ ಕಥೆಯೂ ಬೇರೆ. ಗಡಿಯ ಊರುಗಳಲ್ಲಿ ಈ ಎರಡೂ ಬಗೆಯ ಗೌಡರು ಒಬ್ಬರಿಗೊಬ್ಬರು ಸಿಗುತ್ತಾರೆ.

ಮೊದಲು ಕನ್ನಡದ ಗೌಡರನ್ನು ನೋಡೋಣ. ಈ ಪದ ಬಹಳ ಹಳೆಯದು. ಸಾವಿರ ವರ್ಷಕ್ಕೂ ಹಿಂದಿನ ಕನ್ನಡ ಶಾಸನಗಳಲ್ಲಿ ಇದು ‘ಗಾಮುಂಡ’, ‘ಗಾವುಂಡ’ ಎಂದು ಬರುತ್ತದೆ. ಊರನ್ನು ನೋಡಿಕೊಳ್ಳುವವನು ಊರ ಗಾವುಂಡ, ಒಂದು ನಾಡನ್ನು ನೋಡಿಕೊಳ್ಳುವವನು ನಾಳ್ಗಾವುಂಡ. ಕಂದಾಯ ಕೂಡಿಸುವುದು, ಕೆರೆ ಕಟ್ಟೆ ನೋಡುವುದು, ಜಗಳ ಬಿಡಿಸುವುದು, ದನ ಕದಿಯಲು ಬಂದವರೊಡನೆ ಕಾದಾಡುವುದು, ಎಲ್ಲವೂ ಅವನ ಕೆಲಸ. ಹಾಗೆ ಕಾದಾಡಿ ಸತ್ತ ಗಾವುಂಡರ ವೀರಗಲ್ಲುಗಳು ಕರ್ನಾಟಕದ ಊರೂರಲ್ಲಿವೆ. ನಿಮ್ಮೂರಿನ ಗುಡಿಯ ಹಿಂದೆಯೂ ಒಂದು ಇದ್ದೀತು, ಹುಡುಕಿ ನೋಡಿ.

ಗಾವುಂಡ ಎಂದರೆ ಒಂದು ವಂಶದ ಹೆಸರಲ್ಲ, ಒಂದು ಕೆಲಸದ ಹೆಸರು ಎಂಬುದನ್ನು ನೆನಪಿಡಿ. ಅದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷಿ ಶಿವಮೊಗ್ಗ ಜಿಲ್ಲೆಯ ಬಂದಳಿಕೆಯ ಕಡೆಯದು. ಹತ್ತನೆಯ ಶತಮಾನದ ಮೊದಲಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಂಬ ನಾಡಿನ ನಾಳ್ಗಾವುಂಡ ತೀರಿಕೊಂಡ. ಆಗ ಆ ಕೆಲಸವನ್ನು ಯಾರಿಗೆ ಕೊಟ್ಟರು ಗೊತ್ತೇ? ಅವನ ಹೆಂಡತಿ ಜಕ್ಕಿಯಬ್ಬೆಗೆ. ಆಕೆ ಆ ನಾಡನ್ನು ಚೆನ್ನಾಗಿ ಆಳಿದಳು ಎಂದು ಶಾಸನ ಹೊಗಳುತ್ತದೆ. ಗಂಡ ಹೆಂಡತಿ ಬೇರೆ ಬೇರೆ ಮನೆಯಲ್ಲಿ ಹುಟ್ಟಿದವರು. ಆದರೂ ಒಂದೇ ಪದವಿ ಇಬ್ಬರ ಹೆಸರಿಗೂ ಅಂಟಿತು.

ಈಗ ಒಂದು ಲೆಕ್ಕ. ಇವತ್ತಿನ ಕರ್ನಾಟಕದಲ್ಲಿ ಜನವಸತಿ ಇರುವ ಹಳ್ಳಿಗಳು 27 ಸಾವಿರಕ್ಕೂ ಹೆಚ್ಚು. ಹಳ್ಳಿಗೊಂದು ಗೌಡರ ಮನೆ ಎಂದು ಹಿಡಿದರೂ ‘ಗೌಡ’ ಎಂಬ ಹೆಸರು ಎಷ್ಟು ಕಡೆ, ಎಷ್ಟು ಸಲ ಹೊಸದಾಗಿ ಹುಟ್ಟಿರಬೇಕು! ಈ ಗೌಡರೆಲ್ಲ ಒಬ್ಬನೇ ಮೂಲಪುರುಷನ ಮಕ್ಕಳು ಎನ್ನುವುದು ಎಲ್ಲ ಹೆಡ್‌ಮಾಸ್ತರರೂ ಒಂದೇ ತಾಯಿಯ ಮಕ್ಕಳು ಎಂದ ಹಾಗೆ.

ರಾಯಚೂರು, ಕಲಬುರಗಿ, ವಿಜಯಪುರದ ಕಡೆ ‘ಮಲ್ಲನಗೌಡ ಪಾಟೀಲ’, ‘ಶರಣಗೌಡ ಪಾಟೀಲ’ ಎಂಬಂಥ ಹೆಸರುಗಳನ್ನು ನೀವು ಕೇಳಿರುತ್ತೀರಿ. ಇಲ್ಲಿ ಒಂದು ಸ್ವಾರಸ್ಯವಿದೆ. ಪಾಟೀಲ ಎಂದರೂ ಊರಿನ ಮುಖಂಡನೇ. ಅದು ಮರಾಠಿಯ ಕಡೆಯಿಂದ ಬಂದ ಮಾತು. ಅಂದರೆ ಒಂದೇ ಹುದ್ದೆಯನ್ನು ಎರಡು ಭಾಷೆಗಳಲ್ಲಿ ಎರಡು ಸಲ ಹೇಳಿದಂತಾಯಿತು. ನಿಜಾಮರ ಆಳಿಕೆಯಲ್ಲಿ ಈ ಹುದ್ದೆ ಇನ್ನೂ ಒಡೆಯಿತು. ಕಂದಾಯ ನೋಡಿಕೊಳ್ಳುವವನು ಮಾಲಿಪಾಟೀಲ, ಕಾವಲು ನೋಡಿಕೊಳ್ಳುವವನು ಪೊಲೀಸ್‌ಪಾಟೀಲ. ‘ಮಾಲ್’ ಎಂದರೆ ಕಂದಾಯ. ಇವೆರಡೂ ಇವತ್ತು ಅಡ್ಡಹೆಸರುಗಳಾಗಿ ನಮ್ಮ ನಡುವೆ ಇವೆ. ಪಾಟೀಲ ಎಂಬ ಹೆಸರಿನವರಲ್ಲಿ ಲಿಂಗಾಯತರಿದ್ದಾರೆ, ಮರಾಠರಿದ್ದಾರೆ, ಜೈನರಿದ್ದಾರೆ, ರೆಡ್ಡಿಗಳಿದ್ದಾರೆ. ಪಟೇಲ ಎಂದು ಬರೆದುಕೊಳ್ಳುವ ಮುಸ್ಲಿಂ ಮನೆತನಗಳೂ ಇವೆ. ವೀರೇಂದ್ರ ಪಾಟೀಲರು ನಮ್ಮ ಮುಖ್ಯಮಂತ್ರಿಯಾಗಿದ್ದರು. ಪ್ರತಿಭಾ ಪಾಟೀಲರು 2007ರಿಂದ 2012ರವರೆಗೆ ದೇಶದ ರಾಷ್ಟ್ರಪತಿಯಾಗಿದ್ದರು. ಇಬ್ಬರಿಗೂ ಬಳಗದ ನಂಟೇನೂ ಇಲ್ಲ, ಇರುವುದು ಹಳೆಯ ಹುದ್ದೆಯ ನಂಟು.

ಆ ಹುದ್ದೆಗಳು ಈಗ ಇಲ್ಲ. ವಂಶಪಾರಂಪರ್ಯವಾಗಿ ಬರುತ್ತಿದ್ದ ಗ್ರಾಮ ಹುದ್ದೆಗಳನ್ನು ಮೈಸೂರು ರಾಜ್ಯದಲ್ಲಿ 1961ರ ಕಾಯ್ದೆ ರದ್ದು ಮಾಡಿತು, ಆಂಧ್ರಪ್ರದೇಶದಲ್ಲಿ 1984ರಲ್ಲಿ ಎನ್. ಟಿ. ರಾಮರಾವ್ ಅವರ ಸರ್ಕಾರ ತೆಗೆದುಹಾಕಿತು. ಕೆಲಸ ಹೋಯಿತು, ಹೆಸರು ಉಳಿಯಿತು.

ಇನ್ನು ಗಡಿಯಾಚೆಯ ಗೌಡರು. ತೆಲಂಗಾಣದಲ್ಲಿ ಇವರಿಗೆ ಗೌಂಡ್ಲ, ಗಮಳ್ಳ, ಕಲಾಲಿ ಎಂಬ ಹೆಸರುಗಳೂ ಇವೆ. ಇವರದು ಎದೆಗಾರಿಕೆಯ ಕಸುಬು. ನಸುಕಿನಲ್ಲೇ ಎದ್ದು, ‘ಮೋಕು’ ಎಂಬ ಹಗ್ಗವನ್ನು ಮರಕ್ಕೂ ಸೊಂಟಕ್ಕೂ ಸುತ್ತಿಕೊಂಡು, ಮಡಕೆ ಕಟ್ಟಿಕೊಂಡು ಎತ್ತರದ ತಾಳೆ ಮರ ಹತ್ತಬೇಕು. ತಾಳೆಯಲ್ಲಿ ಹೂಗೊಂಚಲಿನ ತುದಿ ಕೊಯ್ದು ರಸ ಹಿಡಿಯುತ್ತಾರೆ. ಈಚಲಿನಲ್ಲಿ ಗರಿಗಳ ಬುಡದ ಹತ್ತಿರ ಕಾಂಡವನ್ನೇ ತೆಳ್ಳಗೆ ಕೆತ್ತುತ್ತಾರೆ. ಆಳ ಹೆಚ್ಚಾದರೆ ಮರಕ್ಕೆ ಪೆಟ್ಟು, ಕಡಿಮೆಯಾದರೆ ರಸ ಬಾರದು. ಆ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಕೈಯಲ್ಲಿದೆ.

ಮರದಿಂದ ಆಗಷ್ಟೇ ತೊಟ್ಟಿಕ್ಕಿದ ರಸ ನೀರಾ. ಅದು ಸಿಹಿ. ನೂರು ಗ್ರಾಂ ರಸದಲ್ಲಿ ಸುಮಾರು 10ರಿಂದ 15 ಗ್ರಾಂ ಸಕ್ಕರೆಯೇ ಇರುತ್ತದೆ. ಅದನ್ನು ಕುದಿಸಿದರೆ ಬೆಲ್ಲವಾಗುತ್ತದೆ. ಆದರೆ ಹಾಗೇ ಬಿಟ್ಟರೆ? ಗಾಳಿಯಲ್ಲಿ, ಮಡಕೆಯ ಗೋಡೆಯಲ್ಲಿ ಯೀಸ್ಟ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿರುತ್ತವೆ. ಅವು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತವೆ. ನೊರೆ ಏಳುವುದು ಆ ಅನಿಲದಿಂದ. ಬಿಸಿಲು ಏರಿದಷ್ಟೂ ಅವುಗಳ ಕೆಲಸ ಚುರುಕು. ಬೆಳಗಿನ ಸಿಹಿರಸ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿ ಸೇಂದಿಯಾಗುವುದು ಹೀಗೆ. ಇದೇ ಕಸುಬನ್ನು ಕರ್ನಾಟಕದಲ್ಲಿ ಮಾಡುತ್ತಿದ್ದವರನ್ನು ಈಡಿಗರು ಎನ್ನುತ್ತೇವೆ, ಕರಾವಳಿಯಲ್ಲಿ ಬಿಲ್ಲವರು ಎನ್ನುತ್ತೇವೆ. ನೋಡಿ, ಕಸುಬು ಒಂದೇ ಆದರೂ ಹೆಸರು ಬೇರೆ!

ಗೌಡ್ ಸಮುದಾಯದಲ್ಲಿ ಹುಟ್ಟಿದ ಸರ್ವಾಯಿ ಪಾಪಣ್ಣ ತೆಲಂಗಾಣದ ದೊಡ್ಡ ವೀರ. ಮೊಗಲರ ಅಧಿಕಾರಿಗಳನ್ನೇ ಎದುರು ಹಾಕಿಕೊಂಡು, ಶಾಹಪುರದಲ್ಲಿ ಕೋಟೆ ಕಟ್ಟಿ, 1708ರಲ್ಲಿ ವಾರಂಗಲ್ಲನ್ನೇ ಗೆದ್ದವನು. 1710ರಲ್ಲಿ ಅವನನ್ನು ಕೊಂದರು. ಅವನ ಕಾಲದ ಬರಹಗಳಲ್ಲಿ ಅವನು ‘ಪಾಪಡು’. ಇಂದಿನ ಜನ ಪ್ರೀತಿಯಿಂದ ‘ಪಾಪಣ್ಣ ಗೌಡ್’ ಎನ್ನುತ್ತಾರೆ. ಹೆಸರಿಗೆ ಬಾಲ ಸೇರುವುದು ಬದುಕಿರುವಾಗಲೇ ಆಗಬೇಕೆಂದೇನಿಲ್ಲ.

ತೆಲುಗಿನವರ ಹೆಸರು ಓದುವಾಗ ಇನ್ನೊಂದು ಮಾತು ತಿಳಿದಿರಬೇಕು. ನಮ್ಮ ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಗೆ ಬರುತ್ತದೆ. ತೆಲುಗರಲ್ಲಿ ‘ಇಂಟಿಪೇರು’ ಮೊದಲಿಗೆ ಬರುತ್ತದೆ, ಎಷ್ಟೋ ಸಲ ಒಂದೇ ಅಕ್ಷರವಾಗಿ. ಕೊನೆಯ ‘ಗೌಡ್’ ಸಮುದಾಯ ಹೇಳುತ್ತದೆ, ಮೊದಲಿನ ಅಕ್ಷರ ಮನೆ ಹೇಳುತ್ತದೆ. ಆದ್ದರಿಂದ ಮಲ್ದಕಲ್‌ನ ಒಬ್ಬ ಗೌಡ್ ಹುಡುಗನ ಬಳಗ ಹುಡುಕಬೇಕಾದರೆ ಅವನ ಹೆಸರನ್ನು ಮುಂದಿನ ತುದಿಯಿಂದ ಓದಬೇಕು, ರಾಯಚೂರಿನ ಪಾಟೀಲರ ಹುಡುಗನದ್ದನ್ನು ಹಿಂದಿನ ತುದಿಯಿಂದ.

ಇನ್ನೂ ದೂರ ಹೋಗೋಣ. ಒಡಿಶಾದಲ್ಲೂ ಗೌಡರಿದ್ದಾರೆ. ಅವರು ದನ ಕಾಯುವ ಗೋಪಾಲಕರು. ಉತ್ತರ ಕನ್ನಡದ ಅಂಕೋಲೆಯ ಕಡೆ ಹಾಲಕ್ಕಿ ಒಕ್ಕಲಿಗರೂ ಗೌಡರೇ. ಕಾಡಿನ ಸಾವಿರಾರು ಸಸಿಗಳನ್ನು ಬೆಳೆಸಿದ ಪದ್ಮಶ್ರೀ ತುಳಸಿ ಗೌಡ ಮತ್ತು ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಪದ್ಮಶ್ರೀ ಸುಕ್ರಿ ಬೊಮ್ಮಗೌಡ ಆ ಸಮುದಾಯದವರು. ತಮಿಳುನಾಡಿನ ಕೊಂಗುನಾಡಿನಲ್ಲಿ ‘ಕೌಂಡರ್’ ಇದ್ದಾರೆ. ಆ ಪದವನ್ನು ವಿದ್ವಾಂಸರು ನಮ್ಮ ಗಾವುಂಡದ ಜೊತೆಗೇ ಜೋಡಿಸುತ್ತಾರೆ. ಬಂಗಾಳದ ಪ್ರಾಚೀನ ಹೆಸರೇ ಗೌಡ. ಆ ಗೌಡ ನಗರದ ಪಾಳು ಈಗ ಇರುವುದು ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯಲ್ಲಿ.

ಒಂದು ನಿಮಿಷ ನಿಲ್ಲಿ. ಇಲ್ಲಿ ಮಲ್ದಕಲ್ ಮತ್ತು ಗೌಡರು, ಅಲ್ಲಿ ಮಾಲ್ದಾ ಮತ್ತು ಗೌಡ! ಹಾಗಾದರೆ ನಮ್ಮ ಗೌಡರು ಬಂಗಾಳದ ಮಾಲ್ದಾದಿಂದಲೇ ಬಂದು ಈ ಊರು ಕಟ್ಟಿದರೇ? ಇಂಥ ಕಥೆ ಕಟ್ಟುವುದು ಬಹಳ ಸುಲಭ, ಕೇಳುವುದಕ್ಕೂ ಸೊಗಸು. ಆದರೆ ಮಲ್ದಕಲ್ ಹೆಸರಿನ ಕೊನೆಯಲ್ಲಿರುವುದು ‘ಕಲ್’, ಅಂದರೆ ಕಲ್ಲು. ಆ ಕ್ಷೇತ್ರವನ್ನು ಆದಿಶಿಲಾ ಕ್ಷೇತ್ರ ಎಂದೂ ಕರೆಯುತ್ತಾರೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಮುದಗಲ್ ಇದೆ. ಅದೂ ‘ಕಲ್’ನ ಊರೇ. ನಮ್ಮ ಗೌಡ ಎಂಬುದು ಗಾವುಂಡದಿಂದ ಸವೆದು ಬಂದದ್ದಕ್ಕೆ ಕಲ್ಲಿನ ಮೇಲೆ ಶತಮಾನಗಳ ಸಾಕ್ಷಿ ಇದೆ. ಬಂಗಾಳದ ಗೌಡಕ್ಕೂ ನಮ್ಮ ಗೌಡಕ್ಕೂ ನಡುವೆ ಅಂಥ ಸಾಕ್ಷಿಯ ಸರಪಳಿ ಇಲ್ಲ. ನೆದರ್ಲೆಂಡ್ಸ್‌ನಲ್ಲೂ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಗೌಡದ ಹಾಗೆಯೇ ಬರೆಯುವ ಊರೊಂದಿದೆ, ಗಿಣ್ಣಿಗೆ ಹೆಸರಾದದ್ದು. ಅಲ್ಲಿಯವರ ಬಾಯಲ್ಲಿ ಅದು ‘ಹೌದಾ’ ಎಂಬಂತೆ ಕೇಳುತ್ತದೆ. ಅವರೂ ನಮ್ಮವರೇ ಎಂದು ಯಾರೂ ಹೇಳುವುದಿಲ್ಲವಲ್ಲ!

ಜೀವವಿಜ್ಞಾನದಲ್ಲಿ ಇದೇ ಸಮಸ್ಯೆ ಇದೆ. ಹಕ್ಕಿಗೆ ರೆಕ್ಕೆ ಇದೆ, ಚಿಟ್ಟೆಗೂ ಇದೆ. ಎರಡೂ ಹಾರುತ್ತವೆ. ಆದರೆ ಹಕ್ಕಿಯ ರೆಕ್ಕೆಯೊಳಗೆ ಮೂಳೆಗಳಿವೆ, ಚಿಟ್ಟೆಯದರಲ್ಲಿ ಮೂಳೆಯೇ ಇಲ್ಲ. ಎರಡೂ ಬೇರೆ ಬೇರೆ ದಾರಿಯಲ್ಲಿ ಹುಟ್ಟಿದ ರೆಕ್ಕೆಗಳು. ಇನ್ನೊಂದು ಕಡೆ ಬಾವಲಿಯ ರೆಕ್ಕೆ ಮತ್ತು ನಿಮ್ಮ ಕೈ ನೋಡಿ. ಹೊರಗೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಒಳಗೆ ಮಾತ್ರ ತೋಳಿನ ಮೂಳೆ, ಮುಂಗೈ ಮೂಳೆ, ಐದು ಬೆರಳು, ಅದೇ ಜೋಡಣೆ. ಮೂಲ ಒಂದೇ. ಹೆಸರುಗಳೂ ಹಾಗೆಯೇ. ಕನ್ನಡದ ಗೌಡ ಮತ್ತು ಬಂಗಾಳದ ಗೌಡ ಹಕ್ಕಿ ಚಿಟ್ಟೆಗಳಿದ್ದಂತೆ. ಗೌಡ ಮತ್ತು ಕೌಂಡರ್ ಕೈ ಮತ್ತು ಬಾವಲಿಯ ರೆಕ್ಕೆಯಿದ್ದಂತೆ. ಹೊರಗಿನ ಹೋಲಿಕೆಗೆ ಮರುಳಾಗದೆ ಒಳಗಿನ ಜೋಡಣೆ ನೋಡಬೇಕು.

ಹೆಸರಿನ ಒಳಗನ್ನು ನೋಡಲು ಶಾಸನ ಬೇಕು, ಹಳೆಯ ದಫ್ತರ ಬೇಕು. ಮನುಷ್ಯರ ಒಳಗನ್ನೇ ನೋಡುವ ದಾರಿಯೂ ಇದೆ. ನಮ್ಮ ಜೀವಕೋಶದಲ್ಲಿ 23 ಜೋಡಿ, ಒಟ್ಟು 46 ವರ್ಣತಂತುಗಳು. ಅವುಗಳಲ್ಲಿ ‘ವೈ’ ಎಂಬುದು ಗಂಡಸರಲ್ಲಿ ಮಾತ್ರ ಇರುತ್ತದೆ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚೇನೂ ಬದಲಾಗದೆ ಸಾಗುತ್ತದೆ. ಅಡ್ಡಹೆಸರೂ ಬಹುಪಾಲು ಹಾಗೆಯೇ ಸಾಗುತ್ತದಲ್ಲವೇ? ಹಾಗಾದರೆ ಒಂದೇ ಹೆಸರಿನವರ ವೈ ಒಂದೇ ಇರಬೇಕು!

ಇಂಗ್ಲೆಂಡಿನ ವಿಜ್ಞಾನಿ ಬ್ರಯನ್ ಸೈಕ್ಸ್ ಇದನ್ನು ತಮ್ಮ ಹೆಸರಿನ ಮೇಲೇ ಪರೀಕ್ಷಿಸಿದರು. 2000ನೇ ಇಸವಿಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೈಕ್ಸ್ ಎಂಬ ಹೆಸರಿನ 48 ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಒಂದೇ ಬಗೆಯ ವೈ ಕಂಡಿತು. ಅಪರೂಪದ ಹೆಸರು, ಬಹುಶಃ ಒಬ್ಬನೇ ಮೂಲಪುರುಷ. ಮುಂದೆ 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಹೆಸರುಗಳ 1,678 ಗಂಡಸರನ್ನು ನೋಡಿದರು. ಅಪರೂಪದ ಹೆಸರಿನವರಲ್ಲಿ ಹೋಲಿಕೆ ತುಂಬ ಇತ್ತು. ಆದರೆ ‘ಸ್ಮಿತ್’ ಎಂಬ ಹೆಸರಿನವರಲ್ಲಿ? ದಾರಿಯಲ್ಲಿ ಹೋಗುವ ಯಾರೋ ಇಬ್ಬರನ್ನು ಹಿಡಿದು ನೋಡಿದರೆ ಎಷ್ಟು ಹೋಲಿಕೆ ಇದ್ದೀತೋ ಅಷ್ಟೇ! ಯಾಕೆಂದರೆ ಸ್ಮಿತ್ ಎಂದರೆ ಕಮ್ಮಾರ. ಊರಿಗೊಬ್ಬ ಕಮ್ಮಾರ, ಊರಿಗೊಬ್ಬ ಸ್ಮಿತ್. ನಮ್ಮಲ್ಲಿ ಕಂಬಾರ, ಬಡಿಗೇರ, ಪತ್ತಾರ, ಹೂಗಾರ ಇದ್ದ ಹಾಗೆ. ಗೌಡ, ಪಾಟೀಲ ಕೂಡ ಇದೇ ಗುಂಪಿಗೆ ಸೇರುವ ಹೆಸರುಗಳು.

ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ವೈ ಒಂದೇ ಇದ್ದು ಹೆಸರೇ ಮಾಯವಾಗುವುದು. ಕುಪ್ಪಳಿಯ ವೆಂಕಟಪ್ಪಗೌಡರ ಮಗ ಪುಟ್ಟಪ್ಪ, ನಮ್ಮ ಕುವೆಂಪು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ, ನಿಮ್ಮಂಥವರಿಗಾಗಿ ಎಷ್ಟೊಂದು ವಿಜ್ಞಾನ ಬರೆದವರು. ಅಜ್ಜನ ಹೆಸರಿನಲ್ಲಿ ಗೌಡ ಇದೆ, ಮಗನ ಹೆಸರಿನಲ್ಲಿಲ್ಲ, ಮೊಮ್ಮಗನದರಲ್ಲೂ ಇಲ್ಲ. ಮೂರು ತಲೆಮಾರಿನ ಹೆಸರುಗಳನ್ನು ಪಟ್ಟಿಯಲ್ಲಿ ಬರೆದಿಟ್ಟರೆ, ಅವರು ಒಂದೇ ಮನೆಯವರೆಂದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಕೊರಿಯಾದವರು ಈ ಗೊಂದಲಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ದಕ್ಷಿಣ ಕೊರಿಯಾದಲ್ಲಿ ಸುಮಾರು ಐವರಲ್ಲಿ ಒಬ್ಬರ ಹೆಸರು ಕಿಮ್. ಹಾಗಾಗಿ ಬರೀ ಕಿಮ್ ಎಂದರೆ ಸಾಲದು. ಗಿಮ್ಹೇ ಊರಿನ ಕಿಮ್, ಗ್ಯೊಂಗ್ಜು ಊರಿನ ಕಿಮ್ ಎಂದು ಮೂಲದ ಊರನ್ನೂ ನೆನಪಿಟ್ಟುಕೊಳ್ಳುತ್ತಾರೆ. ಅವೆರಡು ಬೇರೆ ಬೇರೆ ಬಳಗಗಳು.

ನೀವೂ ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ಹೀಗೆ ಓದಬಹುದು. ಹೆಸರಿನ ಹಿಂದೆ ಮುಂದೆ ಇರುವುದು ಊರೇ, ಹುದ್ದೆಯೇ, ಕಸುಬೇ, ದೇವರೇ, ಅಪ್ಪನ ಹೆಸರೇ ಎಂದು ಗುರುತು ಹಾಕಿ. ಒಂದೇ ಹೆಸರಿನ ಇಬ್ಬರು ಸಿಕ್ಕರೆ, ಅವರ ಅಜ್ಜಂದಿರ ಊರು ಕೇಳಿ. ಯಾರ ಹೆಸರು ಮೇಲು, ಯಾರದು ಕೀಳು ಎಂದು ಹೋಲಿಸುವುದಕ್ಕಲ್ಲ ಈ ಕೆಲಸ. ಅಂಥ ಹೋಲಿಕೆಗೆ ಶಾಸನದಲ್ಲೂ ಆಧಾರವಿಲ್ಲ, ವರ್ಣತಂತುವಿನಲ್ಲೂ ಇಲ್ಲ.

ಆದರೆ ಒಂದು ಕೊರತೆಯನ್ನು ನೀವೇ ತುಂಬಬೇಕು. ಇಲ್ಲಿಯವರೆಗೆ ಹೇಳಿದ ಅಡ್ಡಹೆಸರು, ವೈ ಎರಡೂ ಅಪ್ಪಂದಿರ ದಾರಿ. ಅಮ್ಮನಿಂದಲೇ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಎಂಬುದೊಂದಿದೆ. ಅದು ನಿಮ್ಮ ಅಮ್ಮನಿಗೆ ಅಜ್ಜಿಯಿಂದ, ಅಜ್ಜಿಗೆ ಮುತ್ತಜ್ಜಿಯಿಂದ ಬಂದದ್ದು. ಆ ದಾರಿಗೆ ಯಾವ ಅಡ್ಡಹೆಸರೂ ಇಲ್ಲ, ಅದನ್ನು ಯಾವ ಹಾಜರಿ ಪುಸ್ತಕವೂ ಬರೆದಿಡುವುದಿಲ್ಲ. ಆದ್ದರಿಂದ ಪಟ್ಟಿ ಮಾಡುವಾಗ ಮೊದಲು ನಿಮ್ಮ ಅಮ್ಮನ ಅಮ್ಮನ ಹತ್ತಿರ ಹೋಗಿ, ಅವರ ತವರೂರು ಯಾವುದು, ಮದುವೆಗೆ ಮುಂಚೆ ಅವರ ಹೆಸರಿನ ಜೊತೆ ಏನಿತ್ತು, ಅವರ ಅಮ್ಮ ಎಲ್ಲಿಯವರು ಎಂದು ಕೇಳಿ ಬರೆದಿಟ್ಟುಕೊಳ್ಳಿ.